ಅತ್ತೆಯ ಅರಳೆ

ನನ್ನ ಸೋದರತ್ತೆ ತಾವು ಕೆಲಸ ಮಾಡುತ್ತಿದ್ದ ಮುದ್ರಣಾಲಯದ ಯಜಮಾನನನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಬಹುವಚನವನ್ನು ಅವರು ಮೀಸಲಾಗಿಟ್ಟದ್ದು ಮೂರು ಕಿಲೋ ತೂಕದ ಒಂದು ನಾಯಿಗೆ. ‘ಏಳ್ತೀರಾ? ಮುಖ ಒರೆಸ್ಬೇಕು,’ ಎಂದು ಬೆಳಗ್ಗೆ ಅದನ್ನು ಎಬ್ಬಿಸುವ ಧ್ವನಿಯಲ್ಲಿ ವಿನೋದದ ಲೇಶವೂ ಇರುತ್ತಿರಲಿಲ್ಲ. ನಾನು ನಕ್ಕರೆ, ‘ದೊಡ್ಡವರಿಗೆ ಮರ್ಯಾದೆ ಕೊಡೋಕೆ ಊರೇ ಇದೆ. ಇವರಿಗೆ ಯಾರಿದ್ದಾರೆ?’ ಎನ್ನುತ್ತಿದ್ದರು.

ನಾಯಿ ಮಾಲ್ಟೀಸ್ ಜಾತಿಯದು; ಬಿಳಿಯ ನೀಳರೋಮ, ಅಂಗೈಯಗಲದ ಮುಖ; ಹೆಸರು ಅರಳೆ. ಅತ್ತೆ ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಹಾಕಿದವರು. ಅಂಟಿನ ಕಲೆಗಳಿಂದ ಬಿರುಸಾಗಿದ್ದ ನೀಲಿ ಮೇಲಂಗಿಯನ್ನು ಮನೆಗೆ ಬಂದಮೇಲೂ ಕಳಚದೆ, ಅದರ ಜೇಬಿನಿಂದ ಬಾಚಣಿಗೆ ತೆಗೆದು, ಅರಳೆಯ ಕಿವಿಯ ಹಿಂದಿನ ಗಂಟುಗಳನ್ನು ಒಂದು ಕೂದಲೂ ಎಳೆಯದಂತೆ ಬಿಡಿಸುತ್ತ ಕೂರುತ್ತಿದ್ದರು. ಎತ್ತರದ ಆಳು ಅವರು. ಆದರೆ ಅದರ ಪುಟ್ಟ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಮೊಟಕುಗೊಳಿಸಿಕೊಂಡು ನಡೆದೂ ನಡೆದೂ, ಅದಿಲ್ಲದಾಗಲೂ ಹಾಗೆಯೇ ನಡೆಯುವಂತಾಗಿ, ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡವರು. ಈ ಜಾತಿಯ ನಾಯಿಗಳ ಮಂಡಿಚಿಪ್ಪು ಸಡಿಲ, ಎತ್ತರದಿಂದ ಹಾರಬಾರದು ಎಂದು ಪಶುವೈದ್ಯೆ ಹೇಳಿದ ದಿನವೇ, ಮುದ್ರಣಾಲಯದಲ್ಲಿ ಮಿಕ್ಕ ರಟ್ಟುಗಳನ್ನು ಒಂದರ ಮೇಲೊಂದು ಅಂಟಿಸಿ ಮಂಚಕ್ಕೆ ಮೂರು ಮೆಟ್ಟಿಲು ಮಾಡಿದ್ದರು.

ಕಣ್ಣಿನ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರುವಾಗ ಅರಳೆಯನ್ನೂ ಮೆಟ್ಟಿಲುಗಳನ್ನೂ ನನ್ನ ಮನೆಗೆ ತಂದುಬಿಟ್ಟರು. ‘ಎತ್ತುವಾಗ ಎದೆ ಕೆಳಗೊಂದು ಕೈ, ಹಿಂದೊಂದು ಕೈ. ಹಾರೋಕೆ ಬಿಡ್ಬೇಡ. ಅಷ್ಟೇ ಕಣೋ.’ ನನಗಾಗ ಮೂವತ್ತೆರಡು. ಕಾಲೇಜಿನಲ್ಲಿ ಪಾಠ ಹೇಳುವವನು. ಹುಡುಗಾಟದ ವಯಸ್ಸೆಂಬ ನೆಪವೂ ನನಗಿಲ್ಲ.

ಭಾನುವಾರ ಮಧ್ಯಾಹ್ನ ಸಹೋದ್ಯೋಗಿಗಳು ಬಂದಿದ್ದರು. ಅತ್ತೆಯ ಮಾತಿನ ಧಾಟಿಯನ್ನು ಅನುಕರಿಸಿ ಅವರನ್ನು ನಗಿಸಿದೆ; ಅದು ಸಾಲದೆನಿಸಿ ಅರಳೆಯನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ, ‘ದಯಮಾಡಿಸಿ,’ ಎಂದು ಕೈ ಚಾಚಿದೆ. ಅದು ಅಂಚಿಗೆ ಬಂದು ಅನುಮಾನಿಸಿತು, ನನ್ನ ಕೈಗಳನ್ನು ನೋಡಿತು, ಹಾರಿತು. ನಾನು ಕೈ ಹಿಂದಕ್ಕೆಳೆದುಕೊಂಡೆ. ಯಾಕೆಂದು ಕೇಳಿದರೆ ಇಂದಿಗೂ ಒಂದೇ ಉತ್ತರ: ಇನ್ನಷ್ಟು ನಗಲಿ ಎಂದು. ಯಾರೂ ನಗಲಿಲ್ಲ. ಅರಳೆ ಒಮ್ಮೆ ಚೀರಿ, ಮೂರು ಕಾಲಲ್ಲಿ ಕುಂಟುತ್ತ ಬಂದು, ನನ್ನ ಪಾದದ ಮೇಲೆಯೇ ಗಲ್ಲವಿಟ್ಟು ಮಲಗಿತು.

ತಾನಾಗಿ ಸರಿಹೋದೀತೆಂದು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕಪ್ಪು ಕನ್ನಡಕ ತೊಟ್ಟು ಬಂದ ಅತ್ತೆಗೆ, ‘ಮಲಗಿ ಏಳೋಷ್ಟರಲ್ಲಿ ಕುಂಟ್ತಾ ಇತ್ತು,’ ಎಂದೆ. ಅವರು ನೆಲದ ಮೇಲೆ ಕುಳಿತು ಅರಳೆಯ ಮಂಡಿಯನ್ನು ಸವರಿದರು. ಬೆರಳು ಒಂದು ಕಡೆ ನಿಂತಿತು. ಮುಖ ಎತ್ತಿ ನನ್ನತ್ತ ತಿರುಗಿದರು; ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ. ‘ನಡಿ, ಡಾಕ್ಟ್ರ ಹತ್ರ ಹೋಗೋಣ.’

‘ಹೇಗಾಯ್ತು ಇದು?’ ಎಂದು ಪಶುವೈದ್ಯೆ ಕೇಳಿದಾಗ ನಾನು ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಓದುತ್ತ ನಿಂತೆ.

‘ನನ್ನ ಕೈಯಿಂದ ಜಾರಿತು. ಕಣ್ಣು ಕಾಣಲ್ಲ ನೋಡಮ್ಮ,’ ಎಂದರು ಅತ್ತೆ.

‘ಎಷ್ಟು ಸಲ ಹೇಳಿದೀನಿ ನಿಮಗೆ! ಕೈಲಾಗದಿದ್ರೆ ಸಾಕಬಾರ್ದು.’

ಅತ್ತೆ ತಲೆಯಾಡಿಸಿದರು. ನಾನು ಆಗಲೂ ಪಟ್ಟಿಯನ್ನೇ ಓದುತ್ತಿದ್ದೆ.

ನೋವು ಹೋಯಿತು, ಕುಂಟು ಉಳಿಯಿತು. ಅರಳೆ ಮತ್ತೆ ಆರು ವರ್ಷ ಬದುಕಿತು. ನಾನು ಹೋದಾಗಲೆಲ್ಲ ಬಾಲವಾಡಿಸುತ್ತ, ಎಡಗಾಲನ್ನು ಎಳೆಯುತ್ತ, ಬಾಗಿಲವರೆಗೂ ಬರುತ್ತಿತ್ತು. ಆ ಸ್ವಾಗತದಷ್ಟು ನನ್ನನ್ನು ಕುಗ್ಗಿಸಿದ್ದು ಬೇರೊಂದಿಲ್ಲ. ಅದು ಸತ್ತಮೇಲೆ, ಒಂದು ಸಂಜೆ, ಅತ್ತೆಗೆ ಎಲ್ಲವನ್ನೂ ಹೇಳಿದೆ.

‘ಅವತ್ತೇ ಗೊತ್ತಾಯ್ತು. ಅವರು ತಾವಾಗಿ ಹಾರೋರಲ್ಲ. ಯಾರಾದ್ರೂ ಕರೀಬೇಕು.’

‘ಮತ್ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?’

‘ಹೊರಗಿನವರ ಮುಂದೆ ನಿನ್ನ ಮಾನ ಹೋಗೋದು ಬೇಡ ಅನ್ನಿಸ್ತು. ದಾರೀಲಾದ್ರೂ ಹೇಳ್ತೀಯ ಅನ್ಕೊಂಡೆ. ಮನೆ ಬರೋವರೆಗೂ ಕಾದೆ.’ ಆಮೇಲೆ ಸೇರಿಸಿದರು: ‘ಆರು ವರ್ಷ ಜಾಸ್ತಿ ಆಯ್ತು ಕಣೋ.’

ಮಾತು ಬಾರದ ಜೀವಗಳ ನೋವನ್ನು ಮುಟ್ಟಿ ತಿಳಿಯಬಲ್ಲವರು, ಮಾತು ಬಲ್ಲವರ ಸುಳ್ಳನ್ನೂ ಅಷ್ಟೇ ಸುಲಭವಾಗಿ ತಿಳಿಯುತ್ತಾರೆ. ತಿಳಿದೂ ಬೈಯುವುದಿಲ್ಲ, ಕಾಯುತ್ತಾರೆ. ಅಂಥವರನ್ನು ಸಾಧುಗಳೆಂದು, ಕ್ಷಮಾಶೀಲರೆಂದು ನಾವು ಹೊಗಳುವುದೆಲ್ಲ, ಅವರು ಕಾದಷ್ಟು ಕಾಲವೂ ನಾವು ಬಾಯಿ ಬಿಡಲಿಲ್ಲವೆಂಬುದನ್ನು ಮರೆಯಲಿಕ್ಕೆ.