ಕೆರೆಯ ಹೊಟ್ಟೆ

"ಈ ಕಂಪ್ಯೂಟರನ್ನ ನಂಬತೀರೇನು ಅಂತ ಕೇಳಾಕತ್ತೈತ್ರಿ ಮಾವಾರ. ಹೂಂ ಅನ್ಲೇನು?"

"ಅನ್ನವ್ವ. ಮೊದಲನೇ ಸಲಾನೂ ಹಂಗ ಕೇಳಿತ್ತಲ್ಲ," ಎಂದು ಸಿದ್ದಪ್ಪ ಧೋತರದ ಚುಂಗಿನಿಂದ ಕನ್ನಡಕ ಒರೆಸಿಕೊಂಡರು. ಸೊಸೆ ಕಾವ್ಯ ಹೂಂ ಎಂದು ಒತ್ತಿದಳು.

ನಾರಾಯಣಪೇಟೆಯ ಆ ಮನೆಯಲ್ಲಿ ಬೆಳಿಗ್ಗೆಯಿಂದ ಇದೇ ಪಾಡು. ಗದ್ವಾಲದ ಜಮೀನಿನ ಕಂಪನಿಯವರು ತಮ್ಮ ಮೆಷೀನು ಬದಲಾಯಿಸಿದ್ದರು. ಹಳೆಯ ವಿಳಾಸ, ಹಳೆಯ ಪಾಸ್‌ವರ್ಡು ಯಾವುದೂ ನಡೆಯುತ್ತಿರಲಿಲ್ಲ. ಮೆಷೀನು ಎಂದರೆ ಮುಟ್ಟಿ ನೋಡುವಂಥದ್ದೂ ಅಲ್ಲ. ವರ್ಚುವಲ್ ಮೆಷೀನು. ಎಲ್ಲೋ ಒಂದು ದೊಡ್ಡ ಕಂಪ್ಯೂಟರಿನೊಳಗೆ ಕಂಪ್ಯೂಟರಿನ ಸೋಗು ಹಾಕಿಕೊಂಡು ಕೂತದ್ದು ಎಂದು ಕಾವ್ಯ ಬಿಡಿಸಿ ಹೇಳಿದ್ದಳು. ಇಲ್ಲಿಂದ ಅದರ ಪರದೆ ನೋಡಬಹುದು, ಟೈಪು ಮಾಡಬಹುದು, ಆದರೆ ಮಾಡಿದ್ದರಲ್ಲಿ ಒಂದಕ್ಷರವೂ ಮನೆಯಲ್ಲಿ ಉಳಿಯುವುದಿಲ್ಲ. ಕಾಗದದ ನಡುವೆಯೇ ಮುದುಕರಾದ ಸಿದ್ದಪ್ಪನವರಿಗೆ ಆ ಏರ್ಪಾಡು ಅಷ್ಟೇನೂ ಹಿಡಿಸಿರಲಿಲ್ಲ.

ಮಕ್ತಲ್ ತಹಸೀಲಿನ ನಕಲು ವಿಭಾಗದಲ್ಲಿ ಮೂವತ್ತೈದು ವರ್ಷ ಸವೆಸಿದವರು ಅವರು. ನಿಜಾಮರ ಕಾಲದ ಉರ್ದು ದಫ್ತರನ್ನು, ಆ ಗುಮಾಸ್ತರ ಓಡುಬರಹವನ್ನು, ತಡವರಿಸದೆ ಓದುವವರು ಈ ಸೀಮೆಯಲ್ಲಿ ನೀವೊಬ್ಬರೇ ಎಂದು ಕಂಪನಿಯ ಲಕ್ಷ್ಮಣ್ ಮನೆಗೇ ಬಂದು ಶಾಲು ಹೊದಿಸಿದ್ದ. ಮುದುಕರು ಉಬ್ಬಿಹೋಗಿದ್ದರು. ಪರದೆಯ ಮೇಲೆ ಬರುವ ಹಳೆಯ ಹಾಳೆಗಳ ಫೋಟೋ ನೋಡಿ, ಅದರಲ್ಲಿದ್ದುದನ್ನು ತೆಲುಗಿಗೆ ಇಳಿಸಿ ಟೈಪು ಮಾಡುವುದು ಕೆಲಸ. ಈವರೆಗೆ ಹನ್ನೆರಡು ಹಾಳೆ ಮುಗಿದಿದ್ದವು.

ಹೊಸ ಪಾಸ್‌ವರ್ಡು ಕೇಳಿದರೆ ಲಕ್ಷ್ಮಣ್ ಫೋನಿನಲ್ಲಿ ಆಕಳಿಸಿದ್ದ. "ನಿಮ್ಮದು ಬ್ಯಾರೆ ಮಾಡಾಕ ಟೈಮಿಲ್ರಿ ಮುನ್ಷಿ ಸಾಬ್. ಇವತ್ತೊಂದಿನ ನನ್ನ ಹೆಸರಿಲೇನ ಒಳಗ ಹೋಗ್ರಿ. ಊಟ ಆದಮ್ಯಾಲ ನಾ ಒಳಗ ಬಂದೆ ಅಂದ್ರ ನೀವು ತಾನ ಹೊರಗ ಬೀಳ್ತೀರಿ. ಪರೇಶಾನ್ ಆಗಬ್ಯಾಡ್ರಿ."

ಪರದೆ ತೆರೆದುಕೊಂಡಿತು. ಹಿನ್ನೆಲೆಯ ಫೋಟೋದಲ್ಲಿ ಹೊಸ ಕಾರಿಗೆ ಒರಗಿ ನಿಂತ ಲಕ್ಷ್ಮಣ್ ಹಲ್ಲು ಕಿರಿಯುತ್ತಿದ್ದ. ಅವನ ಮೊಣಕಾಲ ಹತ್ತಿರ ಸಿದ್ದಪ್ಪನವರ ಹೆಸರಿನದೇ ಒಂದು ಫೋಲ್ಡರು. "ಇದು ನಮಗ ಯಾವತ್ತೂ ಕಂಡಿದ್ದಿಲ್ಲಲ್ರಿ," ಎಂದು ಕಾವ್ಯ ಮಾವನ ಕೆಲಸ ಅಚ್ಚಾಗಿ ಬಂದದ್ದನ್ನು ನೋಡುವ ಹುರುಪಿನಲ್ಲಿ ಅದನ್ನು ತೆರೆದಳು.

ಮೊದಲನೆಯ ಹಾಳೆ ಮಲ್ದಕಲ್ ಕಡೆಯ ಒಂದು ಕುಂಟೆಯದು, ಅಂದರೆ ಸಣ್ಣ ಕೆರೆಯದು. ಸಿದ್ದಪ್ಪ ಓದಿದರು. ಮತ್ತೆ ಓದಿದರು. ತಾವು ಶಿಕಂ ಎಂದು ಟೈಪು ಮಾಡಿದ್ದ ಜಾಗದಲ್ಲಿ ಖುಷ್ಕಿ ಎಂದಿತ್ತು. ಎರಡನೆಯದು ಮಾನೋಪಾಡು ಕಡೆಯದು, ಅದರಲ್ಲೂ ಖುಷ್ಕಿ. ಹನ್ನೆರಡರಲ್ಲೂ ಖುಷ್ಕಿ.

"ಹಂಗಂದ್ರ ಏನ್ರಿ?"

"ಶಿಕಂ ಅಂದ್ರ ಹೊಟ್ಟಿ, ಯವ್ವಾ. ಕೆರಿ ಹೊಟ್ಟಿ. ನೀರು ನಿಂದ್ರೋ ಜಾಗ. ಅದನ್ನ ಯಾರೂ ಮಾರಂಗಿಲ್ಲ, ಯಾರೂ ಕೊಳ್ಳಂಗಿಲ್ಲ. ಖುಷ್ಕಿ ಅಂದ್ರ ಒಣ ಬೇಸಾಯದ ಹೊಲ. ಪ್ಲಾಟ್ ಮಾಡಿ ಮಾರಬಹುದು." ಅವರು ಕೆಮ್ಮಿದರು. "ಹನ್ನೆರಡು ಕೆರಿ ಒಣಗಿಸ್ಯಾನ, ಹಲ್ಕಟ್. ಕುಂತಲ್ಲೇ."

ಕಾವ್ಯ ಹಾಳೆಯನ್ನು ಇನ್ನಷ್ಟು ಮೇಲಕ್ಕೆ ಸರಿಸಿದಳು. ಕೆಳಗೆ ಒಂದು ಸಾಲು: ಮೂಲ ಉರ್ದುವಿನಲ್ಲಿದ್ದುದನ್ನು ಇದ್ದಂತೆಯೇ ಬರೆದಿದ್ದೇನೆ. ಅದರ ಕೆಳಗೆ ಸಿದ್ದಪ್ಪನವರ ಉರ್ದು ಸಹಿ.

ಉಣ್ಣುವ ತಾಟಿನಲ್ಲಿ ಯಾರೋ ಉಗುಳಿದ ಹಾಗಾಯಿತು ಅವರಿಗೆ. ಲಕ್ಷ್ಮಣನ ಮೇಲಿನ ಹೇಸಿಗೆ ಒಂದು ಗಳಿಗೆಯದು. ಕಳ್ಳ ಕಳ್ಳತನ ಮಾಡಿದ್ದ, ಅದರಲ್ಲೇನು ಸೋಜಿಗ! ವಾಕರಿಕೆ ಬಂದದ್ದು ತಮ್ಮ ಮೇಲೆಯೇ. ಶಾಲು ಹೊದಿಸಿದ ದಿನ ಅವನು ಮುಂದೆ ಬಿಳಿ ಹಾಳೆ ಚಾಚಿ, "ಮೆಷೀನಿಗೆ ನಿಮ್ಮ ಸಹಿ ಕಲಿಸಬೇಕ್ರಿ" ಎಂದಿದ್ದ. ಬಿಳಿ ಹಾಳೆಗೆ ಸಹಿ ಹಾಕಬೇಡಿರೋ ಎಂದು ಮಕ್ತಲ್ ಕಚೇರಿಯ ಕಟ್ಟೆಯ ಮೇಲೆ ಕೂತ ರೈತರಿಗೆ ಸಾವಿರ ಸಲ ಬೈದು ಬುದ್ಧಿ ಹೇಳಿದ ಮನುಷ್ಯ, ಶಾಲಿನ ಅಂಚು ಸರಿಮಾಡಿಕೊಳ್ಳುತ್ತ ಮೂರು ಸಲ ಹಾಕಿಕೊಟ್ಟಿದ್ದರು. ಥೂ ನಿನ್ನ ಮುಪ್ಪಿಗೆ, ಎಂದುಕೊಂಡರು.

"ರೊಟ್ಟಿ ಆರಾಕತ್ತಾವ, ಬರ್ರಿ," ಒಳಗಿನಿಂದ ಹೆಂಡತಿ ಚನ್ನವೀರಮ್ಮ ಕೂಗಿದರು.

"ನನಗ ಬ್ಯಾಡ. ನೀ ಉಣ್ಣು."

ಕಾವ್ಯ ಅಷ್ಟರಲ್ಲಿ ತನ್ನ ಫೋನು ತಂದು ಪರದೆಯ ಫೋಟೋ ತೆಗೆಯತೊಡಗಿದ್ದಳು. ಹಳೆಯ ಉರ್ದು ಹಾಳೆಯದೊಂದು, ತಿದ್ದಿದ ತೆಲುಗಿನದೊಂದು. ನಾಲ್ಕು ಹಾಳೆಯ ಫೋಟೋ ಆದ ಮೇಲೆ ಸಿದ್ದಪ್ಪ ಫೋನು ಇಸಿದುಕೊಂಡು ನೋಡಿದರು. ತೆಲುಗಿನ ಹಾಳೆಗಳೆಲ್ಲ ಅರ್ಧಕ್ಕೇ ನಿಂತಿದ್ದವು.

"ಸಹಿ ಎಲ್ಲೈತಿ?"

"ಅದು ಬ್ಯಾಡ್ರಿ ಮಾವಾರ. ನಾಳೆ ಇದು ಕಲೆಕ್ಟರ್ ಕಚೇರಿಗೆ ಹೋತಂದ್ರ ಮೊದಲ ನಿಮ್ಮನ್ನ ಹಿಡೀತಾರ. ಈ ವಯಸ್ಸಿನಾಗ ಠಾಣೆ ಮೆಟ್ಲ ಹತ್ತತೀರೇನು?"

"ಸಹಿ ಇರದಿದ್ರ ಆ ಲಕ್ಷ್ಮಣ, ಯಾರೋ ಟೈಪ್ ಮಾಡಿ ಇಟ್ಟಾರ ಅಂತಾನ, ಅಲ್ಲಿಗೆ ಮುಗೀತು. ಸಹಿ ಇದ್ರ ನನ್ನ ಕರೀತಾರ. ಕರದ್ರ ಹೇಳ್ತೀನಿ."

"ಊರಾಗ ಮಂದಿ ಏನಂತಾರ್ರಿ?"

"ಏನಂತಾರೋ ಅದನ್ನ ನನಗ ನಾನ ಆಗ್ಲೇ ಅಂದ್ಕೊಂಡೀನಿ."

ಫೋನು ಅವರ ಕೈಯಲ್ಲೇ ಗುಂಯ್ ಎಂದಿತು. ಲಕ್ಷ್ಮಣ್. "ಊಟ ಆತ್ರಿ ಮುನ್ಷಿ ಸಾಬ್. ಬರ್ಲೇನು ಒಳಗ?"

ಬೈಗುಳವೆಲ್ಲ ನಾಲಗೆಯ ತುದಿಗೆ ಬಂದು ನಿಂತಿತ್ತು. ಸಿದ್ದಪ್ಪ ನುಂಗಿಕೊಂಡರು. "ಒಂದ್ಹತ್ತು ನಿಮಿಷ ತಡಿಯಪ್ಪ. ಒಂದು ಶಬ್ದ ಬಗೀಹರೀವಲ್ದು," ಎಂದರು, ಎಲ್ಲಿಲ್ಲದ ಅಕ್ಕರೆಯಿಂದ.

"ಮೀರು ಪೆದ್ದವಾಳ್ಳು, ಹಿರ್ಯಾರು, ಆರಾಮ್‌ಸೆ ನೋಡ್ರಿ," ಎಂದು ಅವನು ನಕ್ಕ. ಆ ನಗು ಕೇಳಿ, ಅದಕ್ಕಿಂತ ತಮ್ಮ ದನಿಯ ಬೆಣ್ಣೆ ನೆನೆದು, ಸಿದ್ದಪ್ಪನವರಿಗೆ ಬಾಯಿ ಮುಕ್ಕಳಿಸಬೇಕೆನಿಸಿತು.

ಕಾವ್ಯ ಇನ್ನೂ ಅನುಮಾನಿಸುತ್ತಲೇ ಇದ್ದಳು. ಫೋನು ಎತ್ತುವಳು, ಸಹಿಯ ಹತ್ತಿರ ಬಂದಾಗ ಕೈ ತಾನಾಗಿ ಮೇಲಕ್ಕೆ ಜಾರುವುದು. ಮುದುಕರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಪರದೆಯ ಮೇಲೆ ತಮ್ಮ ಸಹಿಯ ಕೆಳಗೆ ತೋರುಬೆರಳು ಊರಿದರು.

"ಇದನ್ನ ತಗೀ."

ಅವಳು ತೆಗೆದಳು. ಹಾಳೆ ಸರಿಸಿದಂತೆಲ್ಲ ಬೆರಳು ಮುಂದಿನ ಸಹಿಯ ಕೆಳಗೆ ಹೋಗಿ ನಿಲ್ಲುತ್ತಿತ್ತು. ಹನ್ನೆರಡನೆಯದು ಮುಗಿಯುವುದಕ್ಕೂ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು. ಇನ್ನೊಬ್ಬರು ಒಳಗೆ ಬಂದಿರುವುದರಿಂದ ನಿಮ್ಮ ಸಂಪರ್ಕ ಕಡಿದಿದೆ ಎಂಬ ಸಾಲು ಮೂಡಿತು.

ಕಾವ್ಯ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ಕೊನೆಯದರಲ್ಲಿ ಸಹಿ ತುಸು ಮಸುಕಾಗಿತ್ತು. ಬೆರಳು ಮಾತ್ರ, ಉಗುರಿನ ಸೀಳು ಸಮೇತ, ಚೊಕ್ಕವಾಗಿ ಬಿದ್ದಿತ್ತು.