ಶಿವಕುಮಾರಿಯ ಬಾಜೂ ಕುರ್ಚಿ

ಎಲೆಕ್ಷನ್ನಿಗೆ ನಿಂತರ ಸ್ಟೇಜಿನ ಮ್ಯಾಲ ನನ್ನ ಬಾಜೂಕ ನಿನಗೊಂದು ಕುರ್ಚಿ ಹಾಕಸ್ತೀನಿ ಕಸ್ತೂರಿ, ಅಂದಿದ್ದಳು ಶಿವಕುಮಾರಿ, ಹದಿನೈದು ವರ್ಷದ ಹಿಂದೆ, ಗೋರೆಗಾಂವ್‌ನ ಇದೇ ಚಾಳಿನ ನಳದ ಮುಂದೆ, ಸೊಂಟದ ಮೇಲೆ ತುಂಬಿದ ಕೊಡ, ಇಬ್ಬರೂ ನೀರು ತುಳುಕುವಷ್ಟು ನಕ್ಕಿದ್ದರು — ಈಗ ಆ ಕುರ್ಚಿ ಅಲ್ಲಿದೆ, ಕೆಂಪು ಪ್ಲಾಸ್ಟಿಕ್ಕಿನದು, ಶಿವಕುಮಾರಿಯ ಎಡಕ್ಕೆ, ಪೆಂಡಾಲಿನ ತೂತಿನಿಂದ ಇಳಿದ ಬಿಸಿಲು ನೇರ ಅದರ ಮೇಲೆ, ವಾರ್ಡು ಹೆಂಗಸರಿಗೆ ಮೀಸಲಾಗಿದೆ, ಟಿಕೆಟ್ ಸಿಕ್ಕಿದೆ, ಇವತ್ತು ನಾನೂರು ಹೆಂಗಸರಿಗೆ ಅರಿಶಿನ ಕುಂಕುಮ, ಜೊತೆಗೊಂದು ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಶಿವಕುಮಾರಿಯ ನಗು. ನಾಲ್ಕು ಬಿಲ್ಡಿಂಗಿನ ಪಾತ್ರೆ ತಿಕ್ಕಿ ಮುಗಿಸಿ ಬಂದಿರುವ ಕಸ್ತೂರಿಬಾಯಿ ಶಿವಕುಮಾರಿಯ ಹಸಿರು ಸೀರೆಯನ್ನು ನೋಡುತ್ತಾಳೆ, ಎಷ್ಟು ಚಂದ ಹಿಡಿಯುತ್ತಾಳೆ ಬಂದವಳನ್ನು, ಕೈಯಲ್ಲ, ಮೊಣಕೈ, ಹತ್ತಿರ ಎಳೆದು, ಕೂಸಿನ ಜ್ವರ ಇಳೀತೇನವ್ವ — ಅದು ತಾನೇ ಹೇಳಿಕೊಟ್ಟದ್ದು, ಗಟಾರದ ಸುದ್ದಿ ಎಲ್ಲಾರೂ ಕೇಳ್ತಾರ, ನೀ ಕೂಸಿನ ಜ್ವರ ಕೇಳು, ಗಟಾರ ತುಂಬಿ ಹರದರೂ ನಿನಗ ಬೈಯಂಗಿಲ್ಲ. ಪಕ್ಕದಲ್ಲಿ ನಿಂತ ಮಗಳು ಅನ್ನುತ್ತಾಳೆ, ಮಮ್ಮಿ, ಇದು ನಮ್ಮ ಕಾಲೇಜ್ ಬುಕ್‌ನಾಗ ಹೈ, ಸೈಕಾಲಜಿ ಬೋಲ್ತಾರ ಇದಕ್ಕ, ಲೀಡರ್ ಲೋಗ್ ಪೈಸಾ ಕೊಟ್ಟು ಕಲೀತಾರ. ಪೈಸಾ ಕೊಟ್ಟು ಅಂತೆ, ಶಿವಕುಮಾರಿ ಒಂದು ಕಪ್ ಚಹಾನೂ ಕುಡಿಸದೆ ಕಲಿತಳು, ಇದು ಹೊಟ್ಟೆಕಿಚ್ಚಲ್ಲ, ಅಲ್ಲವೇ ಅಲ್ಲ — ಹೊಟ್ಟೆಕಿಚ್ಚೇ, ಯಾರ ಮುಂದೆ ಮುಚ್ಚಿಡುವುದು, ಒಂದು ವಾರದಿಂದ ಗಲ್ಲಿ ಗಲ್ಲಿಯಲ್ಲಿ ಹೇಳಿಕೊಂಡು ಬಂದಿದ್ದಾಳೆ, ಬುದ್ಧಿ ಎಲ್ಲಾ ನಂದ, ಸೀರಿ ಅಷ್ಟ ಆಕಿದು, ಇವತ್ತು ಆ ಕುರ್ಚಿಯ ಮೇಲೆ ಕೂತು ಮೈಕು ಇಸಿದುಕೊಂಡು ಅದನ್ನೇ ಒಂದು ಸಲ, ಒಂದೇ ಸಲ, ನಾನೂರು ಮಂದಿಯ ಮುಂದೆ ಹೇಳಬೇಕು, ಆಮೇಲೆ ನಾಳೆ ಮತ್ತೆ ಪಾತ್ರೆ ತಿಕ್ಕಿದರೂ ಸರಿ.

ಸ್ಟೇಜಿನ ಮೆಟ್ಟಿಲಿಗೆ ಕಾಲಿಟ್ಟಿದ್ದಳು, ಅಷ್ಟರಲ್ಲಿ ಶಿವಕುಮಾರಿಯೇ ಇಳಿದು ಬಂದಳು, ಅತ್ತರಿನ ವಾಸನೆ, ಮೊಣಕೈಯ ಮೇಲೆ ಬೆಚ್ಚಗಿನ ಬೆರಳು, ಕಿವಿಯ ಹತ್ತಿರ ಬಾಯಿ — ಗೇಟಿನ್ಯಾಗ ಹೆಂಗಸರು ಒಬ್ಬರ ಮ್ಯಾಲ ಒಬ್ಬರು ಬೀಳಾಕತ್ತಾರ, ನನ್ನ ಮಾತು ಯಾರೂ ಕೇಳವಲ್ಲರು, ನೀ ಇಲ್ದ ಆಗಂಗಿಲ್ಲ ಯಕ್ಕಾ, ಹತ್ತು ನಿಮಿಷ ನಿಂದ್ರು — ಕೊರಳಿಗೆ ಏನೋ ಬಿತ್ತು, ಊದುವ ಸೀಟಿ, ಯಕ್ಕಾ ಅಂದಳಲ್ಲ, ಬೆನ್ನು ತಾನಾಗಿ ನೆಟ್ಟಗಾಯಿತು, ಕಾಲುಗಳು ತಾವಾಗಿ ಗೇಟಿಗೆ ನಡೆದವು, ಏ ಸಾಲು ಹಚ್ಚರೆ, ಕೂಸು ಇದ್ದಾಕಿಗೆ ಮುಂದ ಬಿಡ್ರಿ, ಎಷ್ಟು ಸುಖ, ಎಲ್ಲರೂ ಕಸ್ತೂರಕ್ಕಾ ಕಸ್ತೂರಕ್ಕಾ — ಸೇವಂತಿ. ನೆನಪಾದಳು ಮಂಗಳೂರು ಕಡೆಯ ಸೇವಂತಿ, ಆಗ ನಳದ ಸಾಲಿನಲ್ಲಿ ತನ್ನ ಕೊಡದಿಂದ ಇತರರ ಕೊಡಕ್ಕೆ ಹೊಡೆಯುತ್ತಿದ್ದ ಬಾಯಿಬಡುಕಿ, ಅವಳಿಗೆ ಅಂಜಿ ಶಿವಕುಮಾರಿ ಅತ್ತಾಗ ಹೇಳಿದವರು ಯಾರು, ತಾನೇ ಅಲ್ಲವೇ, ಎಲ್ಲಾರಿಗಿಂತ ಜೋರು ಒದರಾಕಿಗೇ ಸಾಲು ಕಾಯೋ ಕೆಲಸ ಕೊಡು, ಕೊರಳಿಗೊಂದು ಸೀಟಿ ಹಾಕು, ಮಂದಿ ಬಾಯಿ ಮುಚ್ಚಸೋದ್ರಾಗ ಆಕಿ ಬಾಯಿ ಮುಚ್ಚತೈತಿ, ಮರುದಿನದಿಂದ ಸೇವಂತಿ ಎಷ್ಟು ಹೆಮ್ಮೆಯಿಂದ ನಿಂತಿದ್ದಳು, ತಾನೂ ಶಿವಕುಮಾರಿಯೂ ಮರೆಯಲ್ಲಿ ಎಷ್ಟು ನಕ್ಕಿದ್ದರು. ತೆಗೆ, ಸೀಟಿ ತೆಗೆದು ಒಗೆ, ಹೋಗಿ ಕೂತುಕೋ, ಇಪ್ಪತ್ತು ಹೆಜ್ಜೆ, ಕುರ್ಚಿಯ ಮೇಲಿನ ಬಿಸಿಲು ಇನ್ನೂ ಸರಿದಿಲ್ಲ — ಕಸ್ತೂರಕ್ಕಾ ಈಕಿ ನಡುವ ನುಗ್ಗತಾಳ ನೋಡು — ಕೈ ಸೀಟಿಯನ್ನು ಹಿಡಿಯಿತು, ಬಾಯಿಗಿಟ್ಟಿತು, ಊದಿದಳು, ಸಾಲು ದಾರ ಎಳೆದಂತೆ ನೆಟ್ಟಗಾಯಿತು, ಆ ಸದ್ದು ಅಡಗುವಷ್ಟರಲ್ಲಿ ಮೈಕಿನಲ್ಲಿ ಶಿವಕುಮಾರಿಯ ದನಿ, ಗದ್ಗದ ಬೇರೆ, ಈ ಕುರ್ಚಿ ನಮ್ಮಕ್ಕ ಕಸ್ತೂರಿಬಾಯಿದು, ಕೂಡು ಅಂದರ ಒಲ್ಲೆ ಅಂದಳು, ಮಂದೀ ಸೇವಾನೇ ನನಗ ಕುರ್ಚಿ ಅಂದಳು, ನೋಡ್ರಿ ಅಲ್ಲಿ ನಿಂತಾಳ. ನಾನೂರು ತಲೆ ಗೇಟಿನ ಕಡೆ ತಿರುಗಿ ಚಪ್ಪಾಳೆ, ಮಗಳೂ ತಟ್ಟುತ್ತಿದ್ದಾಳೆ, ಕಸ್ತೂರಿಬಾಯಿಯ ಬಾಯಲ್ಲಿ ಸೀಟಿ, ಕೈ ತಾನಾಗಿ ಮೇಲೆದ್ದು ಮುಗಿಯುತ್ತಿದೆ, ಕೆಂಪು ಕುರ್ಚಿ, ಬಿಸಿಲು, ಕೆಂಪು ಕುರ್ಚಿ. ಶಿವಕುಮಾರಿ ಕುರ್ಚಿ ಹಾಕಿಸಿದ್ದಳು. ಕೊಟ್ಟ ಮಾತು ನಡೆಸಿದ್ದಳು.