ಹಗ್ಗದ ಮೇಲೆ ಹೋದ ಚೆಂಡು

ನಮ್ಮ ಕಾಲದ ಫುಟ್‌ಬಾಲ್ ಗೋಲಿಗೆ ಬಲೆ ಇರಲಿಲ್ಲ. ಎರಡು ಕಂಬ, ಅವುಗಳ ನಡುವೆ ಎಳೆದು ಕಟ್ಟಿದ ಒಂದು ಕೆಂಪು ಹಗ್ಗ, ಅಷ್ಟೇ. ಚೆಂಡು ಹಗ್ಗದ ಕೆಳಗೆ ಹೋದರೆ ಗೋಲು, ಮೇಲೆ ಹೋದರೆ ಒದ್ದ ಶ್ರಮ ದಂಡ. ಧೂಳೆದ್ದಾಗ ಎಲ್ಲಿ ಹೋಯಿತೆಂದು ದೇವರೇ ಹೇಳಬೇಕು. ದೇವರಿಗೆ ಪುರುಸೊತ್ತಿಲ್ಲದ್ದರಿಂದ ಪ್ರತಿ ತಂಡವೂ ತನ್ನದೊಬ್ಬ ತೀರ್ಪುಗಾರನನ್ನು ಕರೆತರುತ್ತಿತ್ತು.

ದೊರೆಸ್ವಾಮಿ ನಮ್ಮ ತಂಡದ ನಾಯಕ. ಹಗಲೆಲ್ಲ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು, ಸಂಜೆ ಕಚ್ಚೆ ಬಿಗಿದು ಬರಿಗಾಲಲ್ಲಿ ಆಡುತ್ತಿದ್ದ. ಶಿರಸ್ತೇದಾರ್ ರಂಗಾಚಾರ್ಯರ ಮಗಳು ಅಲಮೇಲು ಎಂದರೆ ಅವನಿಗೆ ಪ್ರಾಣ. ನಿಶ್ಚಿತಾರ್ಥ ಮುಂದಿನ ಶುಕ್ರವಾರವಿತ್ತು. ಭಾವಿ ಮಾವನನ್ನು ಸಂತೋಷಪಡಿಸೋಣವೆಂದು, ದಂಡಿನ ಸೋಲ್ಜರುಗಳ ಜೊತೆಗಿನ ಪಂದ್ಯಕ್ಕೆ ಅವರನ್ನೇ ನಮ್ಮ ತೀರ್ಪುಗಾರರನ್ನಾಗಿ ಕರೆದೆವು. ಕಚೇರಿಯಲ್ಲಿ ಅವರ ಮಾತಿಗೆ ಎದುರಾಡಿದವರಿರಲಿಲ್ಲ. ನಮ್ಮ ಬುದ್ಧಿಗೆ ಮಂಕು ಕವಿದಿತ್ತು.

ಎರಡೂ ಕಡೆ ಸಮವಾಗಿದ್ದಾಗ, ಕೊನೆಗಳಿಗೆಯಲ್ಲಿ ದೊರೆಸ್ವಾಮಿ ಒದ್ದ. ಧೂಳಿನಲ್ಲಿ ಕೆಂಪು ಹಗ್ಗವೇ ಮಾಯವಾಯಿತು. "ಗೋಲು" ಎಂದು ನಾವು ಗಂಟಲು ಹರಿಯುವಂತೆ ಕೂಗಿದೆವು. ರಂಗಾಚಾರ್ಯರು ಗಂಭೀರವಾಗಿ, ಗೋಲೆಂದು ಕರವಸ್ತ್ರ ಎತ್ತಿದರು.

ದೊರೆಸ್ವಾಮಿ ಅವರೆದುರು ಹೋಗಿ ನಿಂತ. "ಕ್ಷಮಿಸಬೇಕು, ಚೆಂಡು ಹಗ್ಗದ ಮೇಲೆ ಹೋಯ್ತು."

"ಇಷ್ಟು ಜನರ ಮುಂದೆ ನನ್ನ ಮಾತು ಸುಳ್ಳು ಅಂತೀಯೇನಯ್ಯ?"

"ಸುಳ್ಳಲ್ಲ, ತಪ್ಪು."

ಆಚಾರ್ಯರು ಕೊಡೆ ಬಿಡಿಸಿ ಹೊರಟೇಹೋದರು. ಆ ಗೋಲು ಲೆಕ್ಕಕ್ಕೆ ಬರದೆ ಪಂದ್ಯ ಸಮವಾಗಿಯೇ ಮುಗಿಯಿತು. ಸಂಬಂಧವೂ ಮುಗಿಯಿತೆಂದುಕೊಂಡೆವು.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡೆಯಲ್ಲೋ" ಎಂದು ನಾನು ಬೈದೆ.

"ನಾವು ಆಡೋದು ಸಂತೋಷಕ್ಕೆ ಕಣೋ. ಕದ್ದ ಗೋಲಲ್ಲಿ ಎಂಥ ಸಂತೋಷ?" ಎಂದ. ಹಾಗೆನ್ನುವಾಗ ಅವನ ಕಣ್ಣು ತುಂಬಿತ್ತು.

ಮುಸ್ಸಂಜೆಗೆ ಕ್ಷಮೆ ಕೇಳಲು ಹೊರಟವನ ಜೊತೆ ನಾನೂ ಹೋದೆ. ಆಚಾರ್ಯರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ನಾವು ಎದುರಿಗೇ ನಿಂತರೂ "ಯಾರದು?" ಎಂದರು.

"ನಾನು, ದೊರೆಸ್ವಾಮಿ."

ಅವರು ದನಿ ಬಂದ ಕಡೆ ಮುಖ ತಿರುಗಿಸಿದರು. ಆಮೇಲೆ, "ನನಗೆ ಚೆಂಡೇ ಕಾಣಲಿಲ್ಲ ಕಣಯ್ಯ" ಎಂದರು. "ನೀವು ಕೂಗಿದಿರಿ, ನಾನು ಕೈ ಎತ್ತಿದೆ. ಕಣ್ಣು ಮಂಜಾಗಿ ವರ್ಷವಾಯ್ತು. ಕಚೇರೀಲೂ ಹೀಗೇ ನಡೀತಿದೆ. ನಾನು ಏನಂದರೂ ಎಲ್ಲರೂ ಹೂಂ ಅಂತಾರೆ. ಒಬ್ಬನಾದರೂ ತಪ್ಪು ಅನ್ನಬಾರದೇ ಅಂತ ಕಾಯ್ತಾ, ಭಯದಲ್ಲೇ ದಿನ ನೂಕ್ತಿದ್ದೆ."

"ಶುಕ್ರವಾರ..." ಎಂದು ದೊರೆಸ್ವಾಮಿ ತೊದಲಿದ.

"ಶುಕ್ರವಾರ ಹೊತ್ತಿಗೆ ಸರಿಯಾಗಿ ಬಾ. ಕಾಲು ತೊಳ್ಕೊಂಡು ಬಾ."

ಒಳಗೆ ಯಾರೋ ನಗು ತಡೆದುಕೊಂಡರು. ಆಚಾರ್ಯರು ಎದ್ದು ಬಾಗಿಲ ಕಡೆ ತಿರುಗಿ ಕೈ ಚಾಚಿದರು. ದೊರೆಸ್ವಾಮಿ ಆ ಕೈ ಹಿಡಿದುಕೊಂಡ.

"ಹೊಸ್ತಿಲು ಬಂತು" ಎಂದ ಮೆಲ್ಲಗೆ. ಆಚಾರ್ಯರು ಕಾಲೆತ್ತಿ ದಾಟಿದರು.